ಮೂವತ್ತನಾಲ್ಕನೆಯ ಗೆರೆ

ಆ ಊರಿನ ಹೆಸರನ್ನು ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ. ರೈಲು ಅಲ್ಲಿಗೆ ಹೋಗುವುದಿಲ್ಲ. ಬಸ್ಸು ದಿನಕ್ಕೆ ಎರಡು. ಏಳು ಭಟ್ಟಿಮನೆಗಳು, ಒಂದು ಹೊಳೆ, ಮೂರು ಬೀದಿಗಳು, ಗುಡ್ಡದ ಮೇಲೆ ಒಂದು ಉದ್ದನೆಯ ಉಗ್ರಾಣ. ಮುಸುಕಿನ ಜೋಳದಿಂದ ಸಾರಾಯಿ ಇಳಿಸಿ, ಒಳಮೈ ಸುಟ್ಟ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇರಿಸಿ, ಜೇನಿನ ಬಣ್ಣ ಬಂದ ಮೇಲೆ ಮಾರುವುದು ಅಲ್ಲಿಯವರ ಇನ್ನೂರು ವರ್ಷಗಳ ಕಸುಬು. ಅದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ನಾನು ಅದಕ್ಕಾಗಿ ಹೋದವನಲ್ಲ. ಮೂವತ್ತೆಂಟು ವರ್ಷ ಪ್ರೌಢಶಾಲೆಯಲ್ಲಿ ಅಂಕಗಣಿತ ಹೇಳಿಕೊಟ್ಟವನು, ಸಾರಾಯಿಯನ್ನು ಮುಟ್ಟಿದವನಲ್ಲ, ಕಾಫಿಯೂ ದಿನಕ್ಕೆ ಒಂದೇ ಲೋಟ. ನಾನು ಹೋದದ್ದು ನನ್ನ ತಮ್ಮನ ಪೀಪಾಯಿಯನ್ನು ಓದಲು.

ಆ ಊರಿನಲ್ಲಿ ಮಾರಾಟದ ಪೀಪಾಯಿಗಳು ಎಷ್ಟು ವರ್ಷ ಇಟ್ಟರೂ ಒಂದು ತೊಟ್ಟು ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ಸತ್ತವರ ಪೀಪಾಯಿ ಮಾತ್ರ. ಯಾರೇ ತೀರಿಕೊಂಡರೂ ಹದಿಮೂರು ದಿನದೊಳಗೆ ಅವರ ಹೆಸರಿನಲ್ಲಿ ಒಂದು ಪೀಪಾಯಿ ತುಂಬಿಸಿ, ಬಿರಡೆ ಜಡಿದು, ಗುಡ್ಡದ ಉಗ್ರಾಣದಲ್ಲಿ ಮಲಗಿಸುತ್ತಾರೆ. ವರ್ಷಕ್ಕೊಮ್ಮೆ ಬಿರಡೆ ತೆಗೆದು, ಸೆಂಟಿಮೀಟರಿಗೊಂದು ಗೆರೆಯಿರುವ ಅಳತೆಕಡ್ಡಿ ಇಳಿಸುತ್ತಾರೆ. ಮಟ್ಟ ಇಳಿದಿದ್ದರೆ ಸತ್ತವರು ಇನ್ನೂ ಇದ್ದಾರೆ. ಇಳಿಯದಿದ್ದರೆ ಪೀಪಾಯಿ ನಿಂತಿತು ಎನ್ನುತ್ತಾರೆ. ಅಂದೇ ಅದನ್ನು ತೆರೆದು ಊರಿಗೆಲ್ಲ ಹಂಚಿ, ಹೆಸರನ್ನು ಬಾಚಿಯಿಂದ ಕೆತ್ತಿ ತೆಗೆದು, ಪೀಪಾಯಿಯನ್ನು ಮತ್ತೊಬ್ಬರ ಪಾಲಿಗೆ ಕೊಡುತ್ತಾರೆ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಹೆಂಡತಿ ಸತ್ತವನು ಮತ್ತೆ ಹೆಣ್ಣು ಕೇಳಲು ಹೋದರೆ ಮೊದಲನೆಯ ಪ್ರಶ್ನೆ, ನಿಂತಿದೆಯೇ ಎಂಬುದು. ತಂದೆಯ ಪೀಪಾಯಿ ನಿಲ್ಲುವವರೆಗೆ ಮಕ್ಕಳು ಮನೆ ಪಾಲು ಮಾಡಿಕೊಳ್ಳುವುದಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ ಹೆಂಗಸು, ಊರಿಗೇ ದೊಡ್ಡ ಕುಡುಕನಾಗಿದ್ದ ತನ್ನ ಮಾವ ಮೊದಲನೆಯ ವರ್ಷವೇ ನಿಂತುಬಿಟ್ಟನೆಂದೂ, ಬದುಕಿದ್ದಾಗ ವಾಸನೆಗೇ ಮೂಗು ಮುಚ್ಚಿಕೊಳ್ಳುತ್ತಿದ್ದ ಪೂಜಾರಿಯ ತಾಯಿ ಒಂಬತ್ತು ವರ್ಷದಲ್ಲಿ ಒಂದು ಪೀಪಾಯಿ ಬರಿದು ಮಾಡಿ ಎರಡನೆಯದರಲ್ಲಿದ್ದಾಳೆಂದೂ ಹೇಳಿದಳು. ಅದನ್ನು ಅವಳು ನಗದೆ ಹೇಳಿದಳು.

ಸಂಪಂಗಿ ನನಗಿಂತ ಒಂಬತ್ತು ವರ್ಷ ಕಿರಿಯ. ನಾವು ಇಬ್ಬರೇ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವನು ಆ ಊರಿಗೆ ಹೋಗಿ ಪೀಪಾಯಿ ಕಟ್ಟುವ ಕೆಲಸಕ್ಕೆ ಸೇರಿದ. ಕೆಲವು ವರ್ಷಗಳ ಮೇಲೆ, ಅಲ್ಲಿಯ ಹೆಣ್ಣನ್ನು ಮದುವೆಯಾಗುತ್ತಿದ್ದೇನೆ, ಅಣ್ಣನೇ ನಿಂತು ನಡೆಸಿಕೊಡಬೇಕು ಎಂದು ಬರೆದ. ಸಾರಾಯಿಯ ಅನ್ನ ತಿನ್ನುವವನು ನಮ್ಮ ಮನೆಯ ಎಣಿಕೆಯಲ್ಲಿಲ್ಲ ಎಂದು ನಾನು ಒಂದು ಸಾಲಿನ ಉತ್ತರ ಕಳಿಸಿದೆ. ಆ ಬಳಿಕ ಯಾವ ಅರ್ಜಿಯಲ್ಲಿಯೇ ಆಗಲಿ, ಆಸ್ಪತ್ರೆಯ ಕಾಗದದಲ್ಲಿಯೇ ಆಗಲಿ, ಒಡಹುಟ್ಟಿದವರು ಎಷ್ಟು ಎಂದು ಕೇಳಿದ ಕಡೆ 'ಇಲ್ಲ' ಎಂದೇ ಬರೆಯುತ್ತ ಬಂದೆ. ಅದು ತಪ್ಪು ಉತ್ತರವೆಂದು ಪ್ರತಿ ಸಲವೂ ನನಗೆ ತಿಳಿದಿತ್ತು. ಹನ್ನೆರಡು ವರ್ಷಗಳ ಹಿಂದೆ ಅವನು ತೀರಿಕೊಂಡ ಸುದ್ದಿ ಬಂತು. ಹೋಗಲಿಲ್ಲ. ಅವನ ಹೆಂಡತಿ ಚೆಲುವಾಜಮ್ಮ ವರ್ಷಕ್ಕೊಂದು ಕಾರ್ಡಿನಲ್ಲಿ ಪೀಪಾಯಿಯ ಮಟ್ಟವನ್ನು ಬರೆದು ಕಳಿಸುತ್ತಿದ್ದಳು. ಐದನೆಯ ಕಾರ್ಡನ್ನು ನಾನು ಓದದೆ, ಪಡೆಯುವವರಿಲ್ಲ ಎಂದು ಹೇಳಿ, ಅಂಚೆಯವನ ಕೈಯಲ್ಲೇ ಹಿಂದಕ್ಕೆ ಕಳಿಸಿದೆ. ಆಮೇಲೆ ಕಾರ್ಡು ಬರಲಿಲ್ಲ.

ಈ ವರ್ಷ ಬಂದದ್ದು ಕಾಗದ. ಹನ್ನೆರಡನೆಯ ವರ್ಷದ ಮಟ್ಟವನ್ನು ಒಡಹುಟ್ಟಿದವರೇ ಓದಬೇಕೆಂಬುದು ಆ ಊರಿನ ಕಟ್ಟಳೆ. ಯಾರೂ ಬಾರದಿದ್ದರೆ ಪೀಪಾಯಿ ನಿಂತಿತೆಂದೇ ತೀರ್ಮಾನ. ಕಳೆದ ವರ್ಷವೂ ಮಟ್ಟ ಇಳಿದಿದೆ, ತಾವು ಬರಬೇಕು ಎಂದು ಅವಳು ಬರೆಸಿದ್ದಳು. ನನಗೆ ಎಪ್ಪತ್ತಾರು ವರ್ಷ. ಈ ವಯಸ್ಸಿನಲ್ಲಿ ಮನುಷ್ಯನು ತನ್ನ ತಪ್ಪುಗಳ ಪೈಕಿ ಇನ್ನೂ ತಿದ್ದಬಹುದಾದವು ಎಷ್ಟು ಎಂದು ನೋಡುತ್ತಾನೆ. ನನಗೆ ಸಿಕ್ಕಿದ್ದು ಇದೊಂದೇ. ತಮ್ಮ ಇನ್ನೂ ಇದ್ದಾನೆ ಎಂದಾದರೆ, ಇರುವಾಗಲೇ ಅವನಿಗೆ ಒಂದು ಮಾತು ಹೇಳಬೇಕಾಗಿತ್ತು.

ಬಸ್ಸಿನಿಂದ ಇಳಿದವರಲ್ಲಿ ಹೆಚ್ಚಿನವರು ಪ್ರವಾಸಿಗಳು. ಅವರನ್ನು ಒಬ್ಬ ಬಣ್ಣದ ಕೊಡೆ ಹಿಡಿದವನು ಭಟ್ಟಿಮನೆಗಳ ಕಡೆಗೆ ಕರೆದುಕೊಂಡು ಹೋದ. ತಾಮ್ರದ ಹಂಡೆ, ಹುಳಿ ಬರಿಸುವ ತೊಟ್ಟಿ, ಕಡೆಗೆ ಹೆಬ್ಬೆರಳುದ್ದದ ಲೋಟದಲ್ಲಿ ರುಚಿ. ಒಟ್ಟು ಒಂದೂವರೆ ಗಂಟೆಯ ಕ್ರಮ. ನನಗೂ ಒಂದು ಲೋಟ ಚಾಚಿದರು. ಬೇಡವೆಂದು ಹೇಳಿ ಗುಡ್ಡ ಹತ್ತಿದೆ.

ಉಗ್ರಾಣದ ಬಾಗಿಲಲ್ಲಿ ಮೇಜು ಹಾಕಿಕೊಂಡು ಅಳತೆಯ ತೋಪಯ್ಯ ಕುಳಿತಿದ್ದ. ಸತ್ತವರ ಪೀಪಾಯಿಗಳ ಕಡ್ಡಿ ಅವನ ವಶದಲ್ಲಿರುತ್ತದೆ. ಅರವತ್ತು ದಾಟಿದ ಆಳು. ಒಂದು ಕಣ್ಣು ಸ್ವಲ್ಪ ಕಿರಿದು. ಅವನು ಕೊಟ್ಟ ನಮೂನೆಯನ್ನು ತುಂಬಿ ಕೊಟ್ಟೆ. ಹೆಸರು ಮುನಿವೆಂಕಟಪ್ಪ, ವೃತ್ತಿ ಉಪಾಧ್ಯಾಯ, ನಿವೃತ್ತ. ಅವನು ಅದನ್ನು ದೂರ ಹಿಡಿದು ಓದಿ, ನನ್ನನ್ನು ನೋಡಿದ.

"ಒಡಹುಟ್ಟಿದೋರು ಅನ್ನೋ ಕಡೆ ಇಲ್ಲ ಅಂತ ಬರ್ದಿದೀರಲ್ಲ ಮೇಷ್ಟ್ರೇ. ಹಂಗಾದ್ರೆ ಯಾರ ಪೀಪಾಯಿ ಓದಕ್ಕೆ ಬಂದ್ರಿ?"

ನಲವತ್ತು ವರ್ಷಗಳ ಅಭ್ಯಾಸ. ಕೈ ತಾನಾಗಿ ಬರೆದಿತ್ತು. ಕಾಗದವನ್ನು ಹಿಂದಕ್ಕೆ ತೆಗೆದುಕೊಂಡು 'ಇಲ್ಲ' ಎಂಬುದನ್ನು ಹೊಡೆದು 'ಒಬ್ಬ' ಎಂದು ಬರೆದೆ.

"ತಿದ್ದಿದ ಕಡೆ ರುಜು ಹಾಕಿ" ಎಂದ ತೋಪಯ್ಯ. ಹಾಕಿದೆ. ಮಾರನೆಯ ದಿನ ಹನ್ನೊಂದು ಗಂಟೆಗೆ ಓದು ಎಂದು ತಿಳಿಸಿದ.

ಚೆಲುವಾಜಮ್ಮನ ಮನೆ ಉಗ್ರಾಣದ ಹಿಂದಿನ ಇಳಿಜಾರಿನಲ್ಲಿದೆ. ಅವಳನ್ನು ನಾನು ನೋಡಿದ್ದು ಅದೇ ಮೊದಲು. ಬಲಗೈಗೆ ದಬ್ಬೆ ಇಟ್ಟು ಕಟ್ಟು ಹಾಕಿದ್ದರು. ಇಪ್ಪತ್ತು ದಿನಗಳ ಹಿಂದೆ ಉಗ್ರಾಣದ ಮೆಟ್ಟಿಲಲ್ಲಿ ಜಾರಿ ಬಿದ್ದಳಂತೆ. ನನ್ನ ಕಾಲಿಗೆ ಎಡಗೈಯಲ್ಲೇ ನಮಸ್ಕಾರ ಮಾಡಿದಳು. ಯಾವ ಹಳೆಯ ಮಾತನ್ನೂ ಎತ್ತಲಿಲ್ಲ. ಪಕ್ಕದ ಮನೆಯವರು ಮಾಡಿಕೊಟ್ಟ ಅನ್ನ ಸಾರಿನ ಜೊತೆಗೆ ಅವಳೇ ಹಾಕಿದ ನಿಂಬೆಕಾಯಿ ಉಪ್ಪಿನಕಾಯಿ ಇತ್ತು. ನಾನು ಊಟದಲ್ಲಿ ಎರಡನೆಯ ಸಲ ಏನನ್ನೂ ಕೇಳುವವನಲ್ಲ. ಉಪ್ಪಿನಕಾಯಿಯನ್ನು ಕೇಳಿದೆ. ಊರಿನಲ್ಲಿ ಎಲ್ಲರೂ ಅದನ್ನು ಕೇಳಿ ತೆಗೆದುಕೊಂಡು ಹೋಗುತ್ತಾರೆಂದು ಅವಳು ಹೇಳಿದಳು.

ಊಟವಾದ ಮೇಲೆ ಅವನನ್ನು ತೋರಿಸು ಎಂದೆ. ಅವಳು ಮುಂದೆ ನಡೆದಳು. ಉಗ್ರಾಣದ ಒಳಗೆ ತಂಪು; ಮೂರು ಅಂತಸ್ತಿನ ಮರದ ಅಟ್ಟಣೆಗಳಲ್ಲಿ ಪೀಪಾಯಿಗಳು ಸಾಲಾಗಿ ಮಲಗಿದ್ದವು. ಸಂಪಂಗಿಯದು ಕೆಳಗಿನ ಸಾಲಿನಲ್ಲಿ, ಬಾಗಿಲಿನಿಂದ ಹತ್ತೊಂಬತ್ತನೆಯದು. ಅವನೇ ಕಟ್ಟಿದ ಪೀಪಾಯಿಯಂತೆ. ಕೀಲು ಕೂಡಿದ ಕಡೆ ಬೆರಳಾಡಿಸಿದೆ. ಉಗುರು ಹಿಡಿಯುವಷ್ಟೂ ಸಂದು ಇರಲಿಲ್ಲ. ಅದರ ಮುಂದೆ ಒಂದು ಹಲಗೆ ತೂಗುತ್ತಿತ್ತು. ಹಲಗೆಯ ಮೇಲೆ ವರ್ಷವಾರು ಮಟ್ಟಗಳು.

ಮೊದಲು ಐವತ್ತನಾಲ್ಕು, ಅಂದರೆ ತುಂಬಿದ ಪೀಪಾಯಿ. ಆಮೇಲೆ ನಲವತ್ತೊಂಬತ್ತು, ನಲವತ್ತೇಳೂವರೆ, ನಲವತ್ನಾಲ್ಕೂ ಕಾಲು, ನಲವತ್ಮೂರು ಮುಕ್ಕಾಲು, ನಲವತ್ತೊಂದು. ಇಲ್ಲಿಗೆ ಐದು ವರ್ಷ. ಆರನೆಯ ವರ್ಷದಿಂದ ನಲವತ್ತು, ಮೂವತ್ತೊಂಬತ್ತು, ಮೂವತ್ತೆಂಟು, ಮೂವತ್ತೇಳು, ಮೂವತ್ತಾರು, ಮೂವತ್ತೈದು.

ನಾನು ಹಲಗೆಯನ್ನು ಎರಡು ಸಲ ಓದಿದೆ. ಮಲಗಿಸಿದ ಪೀಪಾಯಿ ಮೇಲೆ ಕಿರಿದು, ನಡುವೆ ಅಗಲ. ಮೇಲಿನ ಒಂದು ಗೆರೆಯಲ್ಲಿ ಒಂದು ಲೀಟರೂ ಹಿಡಿಯುವುದಿಲ್ಲ. ನಡುವಿನ ಒಂದು ಗೆರೆಯಲ್ಲಿ ನಾಲ್ಕೂವರೆ ಹಿಡಿಯುತ್ತದೆ. ಪ್ರತಿ ವರ್ಷವೂ ಸರಿಯಾಗಿ ಒಂದೊಂದೇ ಗೆರೆ ಇಳಿಯಬೇಕಾದರೆ, ಕುಡಿಯುವವನು ಪ್ರತಿ ವರ್ಷವೂ ಹಿಂದಿನದಕ್ಕಿಂತ ತಕ್ಕಷ್ಟೇ ಹೆಚ್ಚು ಕುಡಿಯಬೇಕು, ಒಂದು ಚಮಚ ಅತ್ತಿತ್ತ ಆಗದಂತೆ. ಸತ್ತವನು ಕಡ್ಡಿ ನೋಡಿಕೊಂಡು ಕುಡಿಯುವುದಿಲ್ಲ. ಅದರಲ್ಲೂ ಸಂಪಂಗಿ ಶಾಲೆಯಲ್ಲಿ ಒಂದು ಲೆಕ್ಕಕ್ಕಾದರೂ ಪೂರ್ಣಾಂಕದ ಉತ್ತರ ತಂದವನಲ್ಲ.

"ಮೊದಲ ಐದು ಅವನದು. ಮಿಕ್ಕ ಆರು ಯಾರದು?" ಎಂದು ಕೇಳಿದೆ.

ಚೆಲುವಾಜಮ್ಮ ಪೀಪಾಯಿಯ ಕೆಳಗಿನ ಮರದ ದಿಮ್ಮಿಯ ಮೇಲೆ ಕುಳಿತಳು.

"ನಂದು" ಎಂದಳು.

ಆಮೇಲೆ ಎಲ್ಲವನ್ನೂ ಕ್ರಮವಾಗಿ ಹೇಳಿದಳು. ಸಾಯುವ ಮೊದಲು ಸಂಪಂಗಿ ಅವಳ ಹತ್ತಿರ ಭಾಷೆ ತೆಗೆದುಕೊಂಡಿದ್ದ: ಅಣ್ಣ ಬಂದು ಹೋಗುವವರೆಗೆ ನಾನು ಇರುತ್ತೇನೆ, ನೀನು ನನ್ನ ಪೀಪಾಯಿ ತೆರೆಯಲು ಬಿಡಬೇಡ. ಐದು ವರ್ಷ ಅವನು ಇದ್ದ. ಐದನೆಯ ವರ್ಷದ ಕಾರ್ಡು, ಮೇಲೆ 'ಪಡೆಯುವವರಿಲ್ಲ' ಎಂಬ ಬರಹದೊಂದಿಗೆ, ಹಿಂದಕ್ಕೆ ಬಂತು. ಅದನ್ನು ಅವಳು ಇಲ್ಲಿಗೇ ತಂದು, ದಿನವೂ ಕೂರುವ ಈ ದಿಮ್ಮಿಯ ಮೇಲೆ ಕುಳಿತು, ಗಟ್ಟಿಯಾಗಿ ಓದಿದಳು. ಮುಂದಿನ ವರ್ಷ ಓದಿಗೆ ಎರಡು ದಿನ ಮುಂಚೆ ಗುಟ್ಟಾಗಿ ಬಿರಡೆ ತೆಗೆದು ನೋಡಿದಾಗ ಮಟ್ಟ ನಲವತ್ತೊಂದರಲ್ಲೇ ಇತ್ತು. ಎರಡು ಸಂಗತಿಗಳು ಒಂದೇ ವರ್ಷ ನಡೆದರೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗುವುದಿಲ್ಲ. ನಾನು ಇದನ್ನು ವಿದ್ಯಾರ್ಥಿಗಳಿಗೆ ಹಲವು ಸಲ ಹೇಳಿದ್ದೇನೆ. ಅಲ್ಲಿ ನಿಂತು ನನಗೂ ಹೇಳಿಕೊಂಡೆ. ಪ್ರಯೋಜನವಾಗಲಿಲ್ಲ.

"ಅವ್ರು ಕಾಯೋದು ಬಿಟ್ರು ಭಾವ" ಎಂದಳು ಚೆಲುವಾಜಮ್ಮ. "ನಾನು ಬಿಡ್ಲಿಲ್ಲ. ಹನ್ನೆರಡನೇ ವರ್ಷಕ್ಕೆ ನಿಮ್ಮನ್ನ ಕರೆಯೋ ಹಕ್ಕು ಬರತ್ತಲ್ಲ. ಅಲ್ಲೀವರ್ಗೂ ಎಳೆದೆ."

ತಾಮ್ರದ ನಳಿಕೆಯಿಂದ ವರ್ಷಕ್ಕೆ ಒಂದು ಗೆರೆಯಷ್ಟು ತೆಗೆಯುತ್ತಿದ್ದಳು. ತೆಗೆದದ್ದನ್ನು ಏನು ಮಾಡಿದಿ ಎಂದು ಕೇಳಿದೆ. ಆ ಊರಿನಲ್ಲಿ ಸತ್ತವರದನ್ನು ನೆಲಕ್ಕೆ ಚೆಲ್ಲಬಾರದು.

"ಉಪ್ಪಿನಕಾಯಿಗೆ ಹಾಕ್ದೆ. ನಿಂತ ಪೀಪಾಯಿ ಊರಿಗೆ ಸೇರ್ಬೇಕು ಅಲ್ವಾ? ಊರಿಗೇ ಸೇರ್ಸಿದೀನಿ."

ಮಧ್ಯಾಹ್ನ ನಾನು ಎರಡು ಸಲ ಹಾಕಿಸಿಕೊಂಡದ್ದು ನೆನಪಾಯಿತು. ಎಪ್ಪತ್ತಾರು ವರ್ಷಗಳ ನಿಯಮ ಅಲ್ಲಿಗೆ ಮುಗಿದಿತ್ತು. ಅದರ ಬಗ್ಗೆ ಮಾತಾಡುವ ಹೊತ್ತು ಅದಲ್ಲ. ಈ ವರ್ಷದ್ದು ತೆಗೆದಾಗಿದೆಯೇ ಎಂದು ಕೇಳಿದೆ. ಅವಳು ದಬ್ಬೆ ಕಟ್ಟಿದ ಕೈಯನ್ನು ಸ್ವಲ್ಪ ಎತ್ತಿದಳು.

"ನಳಿಕೆಗೆ ಎರಡು ಕೈ ಬೇಕು ಭಾವ. ಇನ್ನೊಬ್ರ ಹತ್ರ ಹೇಳೋ ಕೆಲ್ಸ ಅಲ್ಲ."

ಅಂದರೆ ಮಟ್ಟ ಮೂವತ್ತೈದರಲ್ಲೇ ಇತ್ತು. ನಾಳೆ ಹನ್ನೊಂದು ಗಂಟೆಗೆ ನಾನು ಮೂವತ್ತೈದು ಎಂದು ಓದಬೇಕು. ಸಂಜೆಯೊಳಗೆ ಹೆಸರನ್ನು ಕೆತ್ತಿ ತೆಗೆಯುತ್ತಾರೆ. ನಾನು ಹೇಳಬೇಕೆಂದು ಬಂದ ಮಾತನ್ನು ಕೇಳುವವನು ಆರು ವರ್ಷಗಳ ಹಿಂದೆಯೇ ಹೋಗಿದ್ದ. ಅಂದು ಪೀಪಾಯಿಗೆ ಏನನ್ನೂ ಹೇಳದೆ ಹಿಂದಿರುಗಿದೆ. ಯಾರೂ ಇಲ್ಲದ ಕಡೆ ಮಾತಾಡುವ ರೂಢಿ ನನಗಿಲ್ಲ.

ಮಾರನೆಯ ದಿನ ಊರಿನ ಹಿರಿಯರು ಐದು ಮಂದಿ ಸೇರಿದ್ದರು. ತೋಪಯ್ಯ ಬಿರಡೆ ತೆಗೆದು, ಕಡ್ಡಿಯನ್ನು ನೆಟ್ಟಗೆ ಇಳಿಸಿ, ಮೇಲೆತ್ತಿ ನನ್ನ ಕಣ್ಣ ಮುಂದೆ ಹಿಡಿದ. ಒದ್ದೆಯ ಗುರುತು ಮೂವತ್ತೈದನೆಯ ಗೆರೆಯ ಮೇಲೆ ನಿಂತಿತ್ತು, ಒಂದು ಕೂದಲಿನಷ್ಟೂ ಕೆಳಗಿಲ್ಲ. ಚೆಲುವಾಜಮ್ಮ ಹಿರಿಯರ ಹಿಂದೆ ಕಂಬಕ್ಕೆ ಒರಗಿದ್ದಳು. ನನ್ನನ್ನು ನೋಡುತ್ತಿರಲಿಲ್ಲ, ಪೀಪಾಯಿಯ ಮೇಲಿನ ಹೆಸರನ್ನು ನೋಡುತ್ತಿದ್ದಳು.

"ಮೂವತ್ತನಾಲ್ಕು" ಎಂದೆ.

ಇದನ್ನು ನಾನು ಮೊದಲೇ ನಿಶ್ಚಯಿಸಿದ್ದೆನೆಂದು ಹೇಳಲಾರೆ. ತಿಳಿದೂ ಕೊಟ್ಟ ತಪ್ಪು ಉತ್ತರ ನನ್ನ ಆಯುಷ್ಯದಲ್ಲಿ ಇದು ಎರಡನೆಯದು. ತೋಪಯ್ಯ ಕಡ್ಡಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಕಿರಿದಾದ ಕಣ್ಣಿನಿಂದ ನೋಡಿದ. ಹಿರಿಯರೊಬ್ಬರು ನೋಡಲು ಮುಂದೆ ಬಾಗುವಷ್ಟರಲ್ಲಿ ಹೆಗಲ ಮೇಲಿನ ವಸ್ತ್ರದಿಂದ ಕಡ್ಡಿಯನ್ನು ತುದಿಯವರೆಗೆ ಒರೆಸಿಬಿಟ್ಟ.

"ಕಡ್ಡಿ ನಂದು, ಕಣ್ಣು ಮೇಷ್ಟ್ರುದು" ಎಂದು ಹಲಗೆಯ ಮೇಲೆ ಮೂವತ್ತನಾಲ್ಕು ಎಂದು ಬರೆದ. ಹಿರಿಯರು ಎಲೆ ಅಡಿಕೆ ಹಾಕಿಕೊಂಡು ಹೊರಟರು. ಅವರು ಬಾಗಿಲು ದಾಟಿದ ಮೇಲೆ ತೋಪಯ್ಯ, ಹನ್ನೆರಡನೆಯ ವರ್ಷದ ಪೀಪಾಯಿಗೆ, ಸಂಜೆ ದೀಪ ಹಚ್ಚುವ ಹೊತ್ತಿಗೆ, ಅಳತೆಯವನೇ ಇನ್ನೊಮ್ಮೆ ಕಡ್ಡಿ ಇಳಿಸಿ ಅರಗಿನ ಮುದ್ರೆ ಹಾಕುವುದು ಕ್ರಮವೆಂದೂ, ಎರಡು ಓದುಗಳಲ್ಲಿ ಅಳತೆಯವನ ಓದು ಹೆಚ್ಚು ಬಂದರೆ ಅಲ್ಲೇ ಪೀಪಾಯಿ ತೆರೆಯಬೇಕೆಂದೂ ತಿಳಿಸಿದ. ಕಡ್ಡಿಯನ್ನು ಕಂಕುಳಲ್ಲಿ ಇರಿಸಿಕೊಂಡ.

"ನನಗೆ ಮೇಲಿನಟ್ಟದಲ್ಲಿ ಕೆಲಸ ಇದೆ. ಈ ಬಿರಡೆ ಯಾಕೋ ಬಿಗಿ ಆಗ್ತಿಲ್ಲ, ಹಂಗೇ ಬಿಟ್ಟಿರ್ತೀನಿ" ಎಂದು ಹೇಳಿ ಹೋದ.

ಕಡ್ಡಿಯಿಲ್ಲದೆ ಒಂದು ಗೆರೆ ತೆಗೆಯುವುದು ಲೆಕ್ಕದ ಕೆಲಸ. ದಾರದಿಂದ ಪೀಪಾಯಿಯ ಹೊಟ್ಟೆಯ ಸುತ್ತಳತೆ, ತುದಿಗಳ ಸುತ್ತಳತೆ, ಉದ್ದ, ಮರದ ದಪ್ಪ ಇವುಗಳನ್ನು ತೆಗೆದುಕೊಂಡು, ಜೇಬಿನ ಪುಸ್ತಕದಲ್ಲಿ ಆ ಆಳದಲ್ಲಿ ದ್ರವದ ಮೇಲ್ಮೈ ಎಷ್ಟಗಲ ಎಂಬುದನ್ನು ಕಂಡುಹಿಡಿದೆ. ಮೂವತ್ತೈದಕ್ಕೂ ಮೂವತ್ತನಾಲ್ಕಕ್ಕೂ ನಡುವೆ ಇದ್ದದ್ದು ನಾಲ್ಕು ಲೀಟರು ನಾನೂರು ಮಿಲಿಲೀಟರು. ಚೆಲುವಾಜಮ್ಮನ ನಳಿಕೆ ಇನ್ನೂರು ಹಿಡಿಯುತ್ತಿತ್ತು. ಇಪ್ಪತ್ತೆರಡು ನಳಿಕೆ. ಶೇಷವಿಲ್ಲ.

ಅವಳು ಜಾಡಿ ತರಲು ಮನೆಗೆ ಹೋದಳು. ನಾನು ಪೀಪಾಯಿಯ ಪಕ್ಕದಲ್ಲಿ ಒಬ್ಬನೇ ನಿಂತೆ. ಬಿರಡೆ ತೆಗೆದಿತ್ತು, ತೂತು ನನ್ನ ಎದೆಯ ಎತ್ತರದಲ್ಲಿತ್ತು. ಕೇಳುವವರಿಲ್ಲವೆಂದು ಗೊತ್ತಿದ್ದೂ ಬಾಗಿದೆ. ಬಂದ ಕೆಲಸವನ್ನು ಮುಗಿಸದೆ ಹೋಗುವುದು ಸರಿಯಲ್ಲ ಎಂಬುದು ಒಂದು ಕಾರಣ. ಬೇರೆ ಕಾರಣವೂ ಇದ್ದಿರಬಹುದು.

"ಸಂಪಂಗಿ, ನಾವಿಬ್ಬರು" ಎಂದೆ. "ನಾನು ತಪ್ಪು ಬರೆದಿದ್ದೆ. ನಿನ್ನೆ ತಿದ್ದಿದ್ದೇನೆ."

ಸುಟ್ಟ ಮರದ, ಬೆಲ್ಲದ ಪಾಕದ ವಾಸನೆ ಬಂತು. ಅದು ಆ ಸಾರಾಯಿಯ ಗುಣ. ಚೆಲುವಾಜಮ್ಮ ಬಂದಾಗ ನಾನು ಕನ್ನಡಕ ಒರೆಸುತ್ತಿದ್ದೆ. ಅವಳು ನಳಿಕೆ ಹಿಡಿಯುವ ಬಗೆ ತೋರಿಸಿಕೊಟ್ಟಳು: ಇಳಿಸಿ, ಮೇಲಿನ ಬಾಯಿಗೆ ಹೆಬ್ಬೆರಳಿಟ್ಟು, ಎತ್ತಿ, ಜಾಡಿಯ ಮೇಲೆ ಬೆರಳು ತೆಗೆಯುವುದು. ಮೊದಲ ಸಲ ಹೆಬ್ಬೆರಳು ಸಡಿಲವಾಗಿ ಎಲ್ಲವೂ ಪೀಪಾಯಿಗೇ ಹಿಂದಿರುಗಿತು; ಅದನ್ನು ಎಣಿಸಲಿಲ್ಲ. ಆಮೇಲೆ ಇಪ್ಪತ್ತೆರಡು. ಅವಳೂ ಬಾಯಲ್ಲಿ ಎಣಿಸಿದಳು. ಇಬ್ಬರ ಎಣಿಕೆಯೂ ಒಂದೇ ಬಂತು. ಜಾಡಿಯಲ್ಲಿದ್ದದ್ದನ್ನು ಲೀಟರಿನ ಅಳತೆಪಾತ್ರೆಯಿಂದ ಮತ್ತೆ ಅಳೆದೆ. ನಾಲ್ಕು ಲೀಟರು ನಾನೂರು. ನೆಲ ಒಣಗಿತ್ತು, ಪೀಪಾಯಿಯ ಹೊರಮೈ ಒಣಗಿತ್ತು. ಜಾಡಿಯನ್ನು ಅವಳ ಅಡಿಗೆಮನೆಯಲ್ಲಿ ಇರಿಸಿ ಬಂದು ದಿಮ್ಮಿಯ ಮೇಲೆ ಕಾದು ಕುಳಿತೆವು.

ಸಂಜೆ ತೋಪಯ್ಯ ಅರಗು, ಮೊಂಬತ್ತಿ, ಕಡ್ಡಿ ಹಿಡಿದು ಬಂದ. ಕಡ್ಡಿ ಇಳಿಸಿದ, ಎತ್ತಿದ, ಬೆಳಕಿಗೆ ತಿರುಗಿಸಿ ನೋಡಿದ. ಒರೆಸಿ ಇನ್ನೊಮ್ಮೆ ಇಳಿಸಿದ. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟ. ಒದ್ದೆಯ ಗುರುತು ಮೂವತ್ತನಾಲ್ಕನೆಯ ಗೆರೆಯಿಂದ ಕಾಲು ಗೆರೆಯಷ್ಟು ಕೆಳಗಿತ್ತು.

"ಲೆಕ್ಕದ ಮೇಷ್ಟ್ರೇ ಜಾಸ್ತಿ ತೆಗೆದುಬಿಟ್ರಲ್ಲ" ಎಂದ, ಮೆಲ್ಲಗೆ.

ನಾನು ಪುಸ್ತಕ ತೆಗೆದೆ. ಕಾಲು ಗೆರೆ ಎಂದರೆ ಒಂದು ಲೀಟರು ನೂರು. ಇನ್ನೂರರ ನಳಿಕೆಯಲ್ಲಿ ಅದು ಐದೂವರೆ. ಎಣಿಕೆ ತಪ್ಪಿದ್ದರೆ ಐದು ತಪ್ಪಬೇಕು, ಅಥವಾ ಆರು; ಅರ್ಧ ನಳಿಕೆ ತಪ್ಪುವ ಮಾರ್ಗವಿಲ್ಲ. ಸುತ್ತಳತೆಯಲ್ಲಿ ಅಂಥ ತಪ್ಪಾಗಬೇಕಾದರೆ ದಾರ ಒಂದು ಮೊಳ ಹೆಚ್ಚುಕಡಿಮೆ ಆಗಬೇಕು. ಗುಣಾಕಾರವನ್ನು ಮೊದಲಿನಿಂದ ಮಾಡಿದೆ. ಸರಿಯಾಗಿತ್ತು. ಚೆಲುವಾಜಮ್ಮ ದಿಮ್ಮಿಯಿಂದ ಎದ್ದು, ಎಷ್ಟು ಎಂದು ಕೇಳಿದಳು.

"ಮೂವತ್ಮೂರು ಮುಕ್ಕಾಲು."

"ಮುಕ್ಕಾಲಾ?" ಎಂದಳು. ಸರಿಯಿದ್ದ ಕೈಯನ್ನು ಪೀಪಾಯಿಯ ಮೇಲೆ ಇಟ್ಟಳು. "ಕಾಲು ಗೆರೆ ತೆಗೆಯೋದು ನಂಗೆ ಯಾವತ್ತೂ ಬಂದಿಲ್ಲ ಭಾವ."

ನನಗೂ ಬರುವುದಿಲ್ಲ ಎಂದೆ. ತೋಪಯ್ಯ ಮೊಂಬತ್ತಿಯ ಮೇಲೆ ಅರಗನ್ನು ಹಿಡಿದು, ಮೂವತ್ತನಾಲ್ಕೇ ಇರಲೋ ಎಂದು ಕೇಳಿದ; ತನ್ನ ಓದು ಕಡಿಮೆ ಬಂದಿದೆ, ಹಾಗಾಗಿ ಕಟ್ಟಳೆಗೆ ತೊಂದರೆಯಿಲ್ಲ, ಬರೆದದ್ದನ್ನು ಮುಟ್ಟುವ ಅಗತ್ಯವಿಲ್ಲ ಎಂದ. ಬೇಡ, ಅದು ತಪ್ಪು ಅಂಕಿ, ಮುಕ್ಕಾಲು ಬರೆಯಬೇಕು ಎಂದು ನಾನು ಹೇಳಿದೆ. ಅವನು ಮೂವತ್ತನಾಲ್ಕನ್ನು ಹೊಡೆದು, ಪಕ್ಕದಲ್ಲಿ ಮೂವತ್ಮೂರು ಮುಕ್ಕಾಲು ಎಂದು ಬರೆದು, ಸೀಸದ ಕಡ್ಡಿಯನ್ನು ನನ್ನ ಕಡೆಗೆ ನೀಡಿದ.

"ತಿದ್ದಿದ ಕಡೆ ರುಜು ಹಾಕಿ ಮೇಷ್ಟ್ರೇ."

ಹಾಕಿದೆ. ಹೆಸರಿನ ಕೆಳಗೆ, ಯಾರೂ ಕೇಳದಿದ್ದರೂ, ಅಣ್ಣ ಎಂದು ಬರೆದೆ.